ಸುಧಾಕರಣ್ಣ ಪ್ರಮಾಣ ಕೇಳಿದ್ದು

ನಮ್ಮ ಕಡೆಯ ಜನರಿಗೆ ವಾದ ಮಾಡಲು ವಿಷಯವೇ ಬೇಕೆಂದಿಲ್ಲ, ಬಸ್ಸು ತಡವಾದರೆ ಸಾಕು. ತುರ್ತುಪರಿಸ್ಥಿತಿಯ ಕಾಲದಲ್ಲಿ ದೇಶದ ಬಸ್ಸು ರೈಲುಗಳೆಲ್ಲ ಹೊತ್ತಿಗೆ ಸರಿಯಾಗಿ ಓಡಿದವೆಂದು ಹೇಳುತ್ತಾರೆ. ಮೂಡುಬಿದಿರೆಯ ಬಸ್ ನಿಲ್ದಾಣಕ್ಕೆ ಆ ಸುದ್ದಿ ತಲುಪುವ ಮೊದಲೇ ತುರ್ತುಪರಿಸ್ಥಿತಿ ಮುಗಿದು ಹೋಯಿತು. ಆದ್ದರಿಂದ ನಮ್ಮಲ್ಲಿ ವಾದಕ್ಕೆ ಎಂದೂ ಬರ ಬರಲಿಲ್ಲ. ಹೋಟೆಲಿನ ಬೆಂಚಿನಲ್ಲಿ, ಬಸ್ಸಿನ ಏಣಿಯ ಮೇಲೆ, ಕ್ಷೌರದ ಕುರ್ಚಿಯಲ್ಲಿ ಅರ್ಧ ಮುಖಕ್ಕೆ ಸಾಬೂನು ಹಚ್ಚಿಕೊಂಡು, ಎಲ್ಲೆಂದರಲ್ಲಿ ಜನ ವಾದಿಸುತ್ತಿದ್ದರು. ಇಷ್ಟೆಲ್ಲ ವಾದಗಳ ನಟ್ಟನಡುವೆ ದಿನವಿಡೀ ನಿಂತಿದ್ದು, ಒಂದೇ ಒಂದನ್ನೂ ಗೆಲ್ಲಲಾಗದ ಒಬ್ಬರಿದ್ದರು. ಅವರೇ ಬಸ್ ಏಜೆಂಟ ಸುಧಾಕರಣ್ಣ.

ಸುಧಾಕರಣ್ಣನದು ತೋಡಾರಿನಲ್ಲಿ ಹಿಂದೆ ಗದ್ದೆಗಳಿದ್ದ ಮನೆತನ. ಭೂಸುಧಾರಣೆಯ ಡಿಕ್ಲರೇಶನ್ ಬಂದು ಗದ್ದೆಗಳು ಉಳುವವರ ಪಾಲಾದ ಮೇಲೆ ಅವರಿಗೆ ಉಳಿದದ್ದು ಒಂದು ಮನೆ ಮತ್ತು ಒಂದು ಗಂಟಲು. ಮನೆಯಲ್ಲಿ ವಿಧವೆ ಅಕ್ಕ ಅಮ್ಮಣ್ಣಿ ಮತ್ತು ಅವರ ಮಗಳು ಸರಸ ಇದ್ದರು. ಗಂಟಲನ್ನು ಸುಧಾಕರಣ್ಣ ಒಂದು ಬಸ್ ಕಂಪೆನಿಗೆ ಬಾಡಿಗೆಗೆ ಕೊಟ್ಟರು. ಬೆಳಿಗ್ಗೆಯಿಂದ ಸಂಜೆವರೆಗೆ "ಬಂಟ್ವಾಳ, ಬಂಟ್ವಾಳ, ಈಗ ಬಿಡ್ತದೆ, ಈಗ ಬಿಡ್ತದೆ" ಎಂದು ಕೂಗುವುದು ಅವರ ಉದ್ಯೋಗ. ಬಸ್ಸು ಬಿಡುವುದು ಅವರ ಉದ್ಯೋಗವಾಗಿರಲಿಲ್ಲ.

ಒಂದು ದಿನ ಕೊಡೆ ಹಿಡಿದ ಒಬ್ಬ ಮೇಷ್ಟ್ರು ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, ಈಗ ಬಿಡ್ತದೆ ಎಂದು ಹೇಳಲು ಆಧಾರವೇನೆಂದು ಕೇಳಿದರು. ಬಸ್ಸು ಅಂದ ಮೇಲೆ ಬಿಡಲೇಬೇಕಲ್ಲ ಎಂದರು ಸುಧಾಕರಣ್ಣ. ಡ್ರೈವರ್ ಎಲ್ಲಿ ಎಂದರು ಮೇಷ್ಟ್ರು. ಡ್ರೈವರ್ ಎದುರಿನ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು. "ನೀವು ಮಾಡುವುದು ವಾದ ಅಲ್ಲ ಮಾರಾಯ್ರೆ, ಬರೀ ಬೊಬ್ಬೆ" ಎಂದು ಮೇಷ್ಟ್ರು ತಲೆ ಒಳಗೆ ಎಳೆದುಕೊಂಡರು. ಇಡೀ ಬಸ್ಸು ನಕ್ಕಿತು. ನಗುವುದಕ್ಕೆ ಬಸ್ಸಿಗೆ ಸಮಯ ಬೇಕಾದಷ್ಟಿತ್ತು.

ಈ ಅವಮಾನ ಸುಧಾಕರಣ್ಣನನ್ನು ನೇರವಾಗಿ ವೆಂಕಟೇಶ್ವರ ಭಟ್ಟರ ಜಗಲಿಗೆ ಕೊಂಡೊಯ್ಯಿತು. ಭಟ್ಟರು ಪುತ್ತಿಗೆಯಲ್ಲಿದ್ದ ನಿವೃತ್ತ ಸಂಸ್ಕೃತ ಪಂಡಿತರು. ನಿವೃತ್ತರಾದ ಮೇಲೆ ಅವರೊಡನೆ ತರ್ಕ ಮಾಡಲು ಯಾರೂ ಇರಲಿಲ್ಲ. ಹೆಂಡತಿ ಶಂಕರಿಯಮ್ಮನ ಜೊತೆ ಪ್ರಯತ್ನಿಸಿ ನೋಡಿ, ಎರಡು ದಿನ ಹುಳಿಯಿಲ್ಲದೆ ಉಂಡು, ಆಮೇಲೆ ಸಂಜೆ ಹೊತ್ತು ಊರಿನವರಿಗೆ ವಾದದ ಅಂಗಗಳನ್ನು ಧರ್ಮಾರ್ಥವಾಗಿ ಕಲಿಸಲು ಶುರುಮಾಡಿದ್ದರು. ಅಲ್ಲಿಗೆ ಬರುತ್ತಿದ್ದ ಇಬ್ಬರು ಶಂಕರಿಯಮ್ಮನ ಅವಲಕ್ಕಿಗಾಗಿ ಬರುತ್ತಿದ್ದರು. ಜ್ಞಾನಕ್ಕಾಗಿ ಬಂದ ಮೊದಲ ಮತ್ತು ಕೊನೆಯ ವಿದ್ಯಾರ್ಥಿ ಸುಧಾಕರಣ್ಣ.

"ಶಾಸ್ತ್ರದಲ್ಲಿ ಅಂಗಗಳು ಹೆಚ್ಚು ಉಂಟು, ನಿಮಗೆ ಮೂರು ಸಾಕು" ಎಂದು ಭಟ್ಟರು ಶುರುಮಾಡಿದರು. "ಒಬ್ಬ ಏನು ಹೇಳ್ತಾನೋ ಅದು ಪ್ರತಿಜ್ಞೆ. ಯಾಕೆ ಹೇಳ್ತಾನೋ ಅದು ಹೇತು. ಅದು ನಿಜ ಅಂತ ಯಾವುದರಿಂದ ಗೊತ್ತಾಗ್ತದೋ ಅದು ಪ್ರಮಾಣ. ಯಾರೇ ಮಾತಾಡಲಿ, ಈ ಮೂರು ಎಲ್ಲಿ ಉಂಟು ಅಂತ ಮೊದಲು ಗುರುತಿಸಬೇಕು."

ಹೇತು ಎಂಬ ಶಬ್ದ ಬಂದಾಗ ಅವಲಕ್ಕಿಯವರಿಬ್ಬರೂ ಹೆಗಲ ಮೇಲಿನ ಬೈರಾಸನ್ನು ಬಾಯಿಗೆ ಒತ್ತಿ ಹಿಡಿದರು. ಶಾಲೆಯಲ್ಲಿ ಜೀವಮಾನವಿಡೀ ಈ ನಗುವನ್ನು ಕಂಡಿದ್ದ ಭಟ್ಟರು ಲೆಕ್ಕಿಸದೆ ಮುಂದುವರಿದು, ಗುಡ್ಡದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ ಎಂಬ ಉದಾಹರಣೆ ಕೊಟ್ಟರು. ಬೆಂಕಿ ಕೊಟ್ಟವರು ಯಾರು ಎಂದು ಸುಧಾಕರಣ್ಣ ಕೇಳಿದರು. ಅದು ಇಲ್ಲಿ ಮುಖ್ಯವಲ್ಲ ಎಂದು ಭಟ್ಟರು ಹೇಳಿದ್ದು ಅವರಿಗೆ ಅಷ್ಟು ಸರಿ ಕಾಣಲಿಲ್ಲ. ಅಷ್ಟರಲ್ಲಿ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿತು. ಸುಧಾಕರಣ್ಣ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದರು. ಈ ಶಬ್ದಗಳಿಗೆ ಶಾಸ್ತ್ರದಲ್ಲಿ ಒಂದು ಅರ್ಥ, ಪೇಟೆಯಲ್ಲಿ ಇನ್ನೊಂದು, ನೋಡಿಕೊಂಡು ಬಳಸಬೇಕು ಎಂದು ಭಟ್ಟರು ಆಮೇಲೆ ಹೇಳಿದರಂತೆ. ಅದನ್ನು ಕೇಳಿಸಿಕೊಂಡದ್ದು ಅವಲಕ್ಕಿಯವರಿಬ್ಬರು.

ಪ್ರಮಾಣ ಎಂದರೆ ನಮ್ಮ ಜಿಲ್ಲೆಯಲ್ಲಿ ಏನೆಂದು ಹೊರಗಿನವರಿಗೆ ಇಲ್ಲಿ ಹೇಳಬೇಕು. ಕೋರ್ಟಿನಲ್ಲಿ ತೀರದ ಜಗಳವನ್ನು ನಾವು ಕ್ಷೇತ್ರಕ್ಕೆ ಒಯ್ಯುತ್ತೇವೆ. ಅಲ್ಲಿ ನೇತ್ರಾವತಿ ನದಿಯಲ್ಲಿ ಮುಳುಗೆದ್ದು, ಒದ್ದೆ ಬಟ್ಟೆಯಲ್ಲಿ ದೇವರೆದುರು ನಿಂತು, ನಾನು ಹೇಳಿದ್ದು ಸತ್ಯ ಎಂದು ಆಣೆಯಿಡುತ್ತೇವೆ. ಅದು ಪ್ರಮಾಣ. ಕೋರ್ಟಿನಲ್ಲಿ ಸುಳ್ಳು ಹೇಳಿದರೆ ಬಹಳವೆಂದರೆ ಕೇಸು ಹೋಗುತ್ತದೆ, ಇಲ್ಲಿ ಹೇಳಿದರೆ ವಂಶವೇ ಹೋಗುತ್ತದೆಂದು ಜನ ನಂಬುತ್ತಾರೆ. ಹಾಗಾಗಿ ಮರ್ಯಾದಸ್ಥರ ಹತ್ತಿರ ಪ್ರಮಾಣ ಕೇಳುವುದೆಂದರೆ ಅವರ ಮುಖಕ್ಕೆ ಉಗುಳುವುದಕ್ಕಿಂತ ಒಂದು ತೂಕ ಹೆಚ್ಚು. ಇದೇ ಮಣ್ಣಿನಲ್ಲಿ ಹುಟ್ಟಿದ ಸುಧಾಕರಣ್ಣನಿಗೆ ಇದು ಗೊತ್ತಿರಲಿಲ್ಲವೇ ಎಂದು ಕೇಳಬಹುದು. ಗೊತ್ತಿತ್ತು. ಆದರೆ ಹೊಸದಾಗಿ ವಿದ್ಯೆ ಒಳಗೆ ಬಂದಾಗ ಮೊದಲಿದ್ದ ಬುದ್ಧಿ ಗೌರವದಿಂದ ಎದ್ದು ಜಾಗ ಬಿಟ್ಟುಕೊಡುತ್ತದೆ.

ವಿದ್ಯೆಯ ಮೊದಲ ಪ್ರಯೋಗ ನಡೆದದ್ದು ಮೀನಿನ ಸೇಸಮ್ಮನ ಮೇಲೆ. ಬಂಗುಡೆ ಇವತ್ತಿನದ್ದೇ ಎಂದಳು ಸೇಸಮ್ಮ. ಅದು ಪ್ರತಿಜ್ಞೆ, ಹೇತು ಏನು ಎಂದರು ಸುಧಾಕರಣ್ಣ. ಅವಳು ಕಿವಿರು ಎತ್ತಿ ಕೆಂಪು ತೋರಿಸಿದಳು. ಇದಕ್ಕೆ ಪ್ರಮಾಣ ಉಂಟಾ ಎಂದು ಕೇಳಿದರು. ಸೇಸಮ್ಮ ಬುಟ್ಟಿ ಕೆಳಗಿಟ್ಟಳು.

"ಎರಡು ಬಂಗುಡೆಗೆ ನನ್ನ ಹತ್ರ ಪ್ರಮಾಣ ಕೇಳ್ತೀರಾ ಶೆಟ್ರೇ?" ಎಂದು ಪೊಳಲಿಯ ದೇವಿಯ ದಿಕ್ಕಿಗೆ ತಿರುಗಿ, ನೀನೇ ನೋಡಿಕೋ ತಾಯಿ ಎಂದು ಕೈ ಮುಗಿದು, ಬುಟ್ಟಿ ಹೊತ್ತು ನಡೆದಳು. ಅಂದಿನಿಂದ ಆ ಬುಟ್ಟಿ ರಸ್ತೆಯ ಆಚೆ ಬದಿಯಲ್ಲಿ ಸಾಗತೊಡಗಿತು. ಎದುರಾಳಿ ಕಣ ಬಿಟ್ಟು ಹೋದದ್ದರಿಂದ ಇದು ತನ್ನ ಜೀವನದ ಮೊದಲ ಗೆಲುವೆಂದು ಸುಧಾಕರಣ್ಣ ತಿಳಿದರು. ಮನೆಯಲ್ಲಿ ಗೆಲುವನ್ನು ಉಪ್ಪಿನಕಾಯಿಯೊಡನೆ ಉಂಡರು.

ಇದೇ ಹೊತ್ತಿಗೆ ಸರಸನಿಗೆ ಒಂದು ಸಂಬಂಧ ಬಂತು. ಅವಳಿಗೆ ಮದುವೆಯ ಪ್ರಾಯ ಬಂದು, ನಿಂತು, ಕಾದು, ಹೊರಡುವ ತಯಾರಿಯಲ್ಲಿತ್ತು. ನೋಡಲು ಬಂದ ಗಂಡುಗಳು ಕೋಳಿ ಸುಕ್ಕವನ್ನು ಹೊಗಳಿ, ತಿಳಿಸ್ತೇವೆ ಎಂದು ಹೋದವರು ಏನನ್ನೂ ತಿಳಿಸಿರಲಿಲ್ಲ. ಈಗ ಬಂದ ಹುಡುಗ ಬೆಳ್ತಂಗಡಿ ಕಡೆಯ ಜಯಕರ, ಬೊಂಬಾಯಿಯಲ್ಲಿ ಕೆಲಸ. ತಂದವರು ಬಂಟ್ವಾಳದಲ್ಲಿ ಜವಳಿ ಅಂಗಡಿಯಿಟ್ಟಿದ್ದ ಧರ್ಣಪ್ಪ. ಮದುವೆ ಹೊಂದಿಸುವುದು ಅವರಿಗೆ ಹವ್ಯಾಸ, ಮದುವೆಯ ಸೀರೆಗಳು ಅವರ ಅಂಗಡಿಯಿಂದಲೇ ಹೋಗುತ್ತಿದ್ದವು ಎಂಬುದು ಬೇರೆ ವಿಷಯ.

ಉಮ್ಮರ್‌ನ ಬಾಡಿಗೆ ಕಾರಿನಲ್ಲಿ ಗಂಡಿನ ಕಡೆಯವರು ಬಂದಿಳಿದರು. ಮುಂದಾಳು ಹುಡುಗನ ಸೋದರಮಾವ ತುಕ್ರಪ್ಪ ಶೆಟ್ಟರು. ಜಯಕರ ಕೈಕಾಲು ತೊಳೆಯಲು ಬಾವಿಕಟ್ಟೆಗೆ ಹೋದ. ಸರಸ ನೀರು ಸೇದಿಕೊಟ್ಟಳು. ಕೈ ಎರಡು, ಕಾಲು ಎರಡು ಇರುವ ಮನುಷ್ಯನಿಗೆ ಬೇಕಾಗುವುದಕ್ಕಿಂತ ಬಹಳ ಹೆಚ್ಚು ಹೊತ್ತು ಈ ತೊಳೆಯುವಿಕೆ ನಡೆಯಿತು. ಆಮೇಲೆ ಸರಸ ಅಡುಗೆಮನೆಗೆ ಬಂದು, ತಾಯಿಯ ಮುಖ ನೋಡದೆ, "ಇದು ಆಗಬಹುದು" ಎಂದಳು. ಇಷ್ಟು ವರ್ಷಗಳಲ್ಲಿ ಅವಳು ಹಾಗೆ ಹೇಳಿದ್ದು ಅದೇ ಮೊದಲು. ಅಮ್ಮಣ್ಣಿ ಒಲೆಯ ಮುಂದೆ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆ ಮನೆಗೆ ಆ ದಿನ ಬೇಕಾಗಿದ್ದದ್ದು ಇಷ್ಟೇ, ಯಾರೂ ಬಾಯಿ ತೆರೆದು ಇದನ್ನು ಕೆಡಿಸಬಾರದು.

ಚಾವಡಿಯಲ್ಲಿ ಎರಡೂ ಕಡೆಯ ಹಿರಿಯರು ಶಿಷ್ಟಾಚಾರಕ್ಕೆ ತಕ್ಕಂತೆ ಸುಳ್ಳು ಹೇಳುತ್ತಿದ್ದರು. ಹುಡುಗಿ ಎಸ್ಸೆಸ್ಸೆಲ್ಸಿ ಪಾಸು, ಪ್ರಾಯ ಇಪ್ಪತ್ತೆರಡು ಎಂದು ಈ ಕಡೆಯಿಂದ ಹೇಳಿಯಾಯಿತು. ಸಾಕ್ಷಿಗೆ ಕರೆಸಿದ್ದ ಹೆಡ್ಮಾಸ್ಟರರು ತಲೆಯಾಡಿಸಿದರು. ಹುಡುಗ ಬೊಂಬಾಯಿಯಲ್ಲಿ ದೊಡ್ಡ ಹೋಟೆಲಿನ ಮ್ಯಾನೇಜರ, ಬೀಡಿ ಸಿಗರೇಟು ಮುಟ್ಟಿದವನಲ್ಲ ಎಂದು ಆ ಕಡೆಯಿಂದ ಹೇಳಿಯಾಯಿತು. ಧರ್ಣಪ್ಪ ಎರಡೂ ಕಡೆಗೆ ತಲೆಯಾಡಿಸಿದರು. ಇನ್ನು ಊಟಕ್ಕೆ ಏಳುವುದೊಂದೇ ಬಾಕಿ ಎನ್ನುವಾಗ ಸುಧಾಕರಣ್ಣ ಗಂಟಲು ಸರಿಮಾಡಿದರು.

"ಮ್ಯಾನೇಜರ ಅಂತ ನೀವು ಹೇಳಿದ್ದು ಪ್ರತಿಜ್ಞೆ."

ಪ್ರತಿಜ್ಞೆ ಏನೂ ಮಾಡಿಲ್ಲ, ಸುಮ್ಮನೆ ಮಾತಿಗೆ ಹೇಳಿದ್ದು ಎಂದು ತುಕ್ರಪ್ಪನವರು ಸ್ವಲ್ಪ ಹಿಂದೆ ಸರಿದು ಕುಳಿತರು. ಆಗಲಿ, ಹೇತು ಏನೆಂದು ಸುಧಾಕರಣ್ಣ ಕೇಳಿದರು. ಗಂಡಿನ ಕಡೆಯಲ್ಲಿ ಕಿವಿ ಮಂದವಾಗಿದ್ದ ಒಬ್ಬ ಅಜ್ಜ ಈ ಪ್ರಶ್ನೆ ತನಗೆ ಬಂದದ್ದೆಂದು ತಿಳಿದು, ಪ್ರಯಾಣದಿಂದಾಗಿ ಎರಡು ದಿನಗಳಿಂದ ಸರಿಯಾಗಿ ಆಗಿಲ್ಲ ಎಂದು ಪ್ರಾಮಾಣಿಕವಾಗಿ ಉತ್ತರಿಸಿದರು. ಆ ಚಾವಡಿಯಲ್ಲಿ ಅಂದು ಹೊರಬಿದ್ದ ಏಕೈಕ ಸತ್ಯ ಅದು. ಸುಧಾಕರಣ್ಣ ಅದನ್ನು ಬದಿಗಿಟ್ಟರು.

"ನಿಮ್ಮ ಮಾತಿಗೆ ಪ್ರಮಾಣ ಉಂಟಾ?"

ಜಗಲಿಯಲ್ಲಿ ರೊಟ್ಟಿ ತಿನ್ನುತ್ತಿದ್ದ ಉಮ್ಮರ್ ಬಟ್ಟಲನ್ನು ಮೆಲ್ಲನೆ ಕೆಳಗಿಟ್ಟು, ಕೈ ತೊಳೆದು, ಹೋಗಿ ಕಾರಿನ ಮೂತಿಯನ್ನು ಬೆಳ್ತಂಗಡಿಯ ಕಡೆಗೆ ತಿರುಗಿಸಿ ನಿಲ್ಲಿಸಿದ. ಅವನು ಅನೇಕ ಮದುವೆ ಮಾತುಕತೆಗಳನ್ನು ಕಂಡವನು.

ತುಕ್ರಪ್ಪನವರು ಎದ್ದು ಶಾಲು ಕೊಡವಿದರು. "ಈ ಪ್ರಾಯದಲ್ಲಿ ನನ್ನ ಹತ್ರ ಪ್ರಮಾಣ ಕೇಳಿದವರು ನೀವೇ. ಆಗಲಿ. ಸೋಮವಾರ ಕ್ಷೇತ್ರಕ್ಕೆ ಬನ್ನಿ. ನಾವು ಹೇಳಿದ್ದಕ್ಕೆ ನಾವು ಮುಳುಗ್ತೇವೆ, ನೀವು ಹೇಳಿದ್ದಕ್ಕೆ ನೀವು ಮುಳುಗಿ. ಆಮೇಲೆ ಮದುವೆಯ ಮಾತು."

ಕಾರು ಹೋಯಿತು. ಬಡಿಸಿಟ್ಟ ಎಲೆಗಳು ಹಾಗೇ ಉಳಿದವು. ಅಮ್ಮಣ್ಣಿ ಹೊರಗೆ ಬಂದು, ತಮ್ಮನ ಗಂಟಲನ್ನು ಕಂಪೆನಿಯವರು ಬಾಡಿಗೆಗೆ ತೆಗೆದುಕೊಂಡ ಮೇಲೆ ಅದನ್ನು ರಾತ್ರಿ ಅಲ್ಲೇ ಇಟ್ಟುಕೊಳ್ಳಬಾರದೇ ಎಂದು ಕೇಳಿದರು. ಸರಸ ಬಾವಿಕಟ್ಟೆಯಲ್ಲಿ ಕುಳಿತು, ಯಾರೂ ಉಣ್ಣದ ಪಾತ್ರೆಗಳನ್ನು ತೊಳೆದಳು. ಅವಳು ಬೈದಿದ್ದರೆ ಸುಧಾಕರಣ್ಣನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಕಂಡಕ್ಟರುಗಳು ಸುದ್ದಿಯನ್ನು ಟಿಕೆಟಿಲ್ಲದೆ ಸಾಗಿಸಿದರು. ಅದು ಬಂಟ್ವಾಳಕ್ಕೆ ಹೋಗಿ ತಿರುಗಿ ಬರುವಾಗ, ಸುಧಾಕರಣ್ಣ ಕಾದ ಎಣ್ಣೆಯಲ್ಲಿ ಕೈ ಅದ್ದಲು ಹೇಳಿದರೆಂದು ಆಗಿತ್ತು. ಠಾಣೆಯಿಂದ ಪೊಲೀಸಿನವ ಬಂದು, ಎಣ್ಣೆ ಕಾಯಿಸುವುದಾದರೆ ಮೊದಲೇ ತಿಳಿಸಬೇಕು ಎಂದು ಹೇಳಿ ಹೋದ. ಎಣ್ಣೆ ಯಾವುದು ಎಂದೂ ಕೇಳಿದ.

ಆಮೇಲೆ ಮಾತು ತಿದ್ದುವವರ ಸಾಲು ಶುರುವಾಯಿತು. ಹೆಡ್ಮಾಸ್ಟರರು ಸೈಕಲಿನಿಂದ ಇಳಿಯದೆಯೇ, ತಾನು ಅಂದು ತಲೆಯಾಡಿಸಿದ್ದು ಪಾಸು ಎಂಬುದಕ್ಕಲ್ಲ, ಕುತ್ತಿಗೆ ನೋವಿಗೆ ಎಂದರು. ಜಾತಕ ಕೂಡಿಸಿದ ಜೋಯಿಸರು ಬಂದು, ಸರಸನ ಮೂಲಾ ನಕ್ಷತ್ರ ಅಂದು ಹೇಗೋ ಜಾರಿ ಪೂರ್ವಾಷಾಢದಲ್ಲಿ ಬಿದ್ದಿತ್ತು, ಅದನ್ನು ಎತ್ತಿ ಮೊದಲಿನ ಜಾಗದಲ್ಲೇ ಇಟ್ಟಿದ್ದೇನೆ ಎಂದರು. ಧರ್ಣಪ್ಪ ಅಂಗಡಿಗೆ ಬೀಗ ಹಾಕಿ, ಪರವೂರಿನ ಸೋದರತ್ತೆಗೆ ಸೀರಿಯಸ್ ಎಂದು ಹೊರಟರು. ಆ ಅತ್ತೆ ಮೊದಲೇ ತೀರಿಹೋಗಿದ್ದರು. ಅವರ ಉತ್ತರಕ್ರಿಯೆಯ ಬೊಜ್ಜದ ಊಟ ಉಂಡವರಲ್ಲಿ ಒಬ್ಬನಾದ ಉಮ್ಮರ್ ಧರ್ಣಪ್ಪನನ್ನು ಬಸ್ಸಿನಿಂದ ಇಳಿಸಿ ವಾಪಸು ತಂದ.

ಸುಧಾಕರಣ್ಣನಿಗೆ ಇದೆಲ್ಲ ತರ್ಕಶಾಸ್ತ್ರದ ಮಹಿಮೆಯಾಗಿ ಕಂಡಿತು. ಒಂದೇ ಪ್ರಶ್ನೆಗೆ ಇಡೀ ಊರು ಬಾಯಿ ಬಿಡುತ್ತಿತ್ತು. ಸೋಮವಾರ ತುಕ್ರಪ್ಪನವರೂ ಬಿಡುತ್ತಾರೆ ಎಂದು ಅವರು ಮನೆಯಲ್ಲಿ ಹೇಳಿದಾಗ ಅಮ್ಮಣ್ಣಿ ತಮ್ಮನ ಎದುರು ಬಂದು ಕುಳಿತರು.

"ಅವರು ಬಿಡ್ತಾರೆ, ಸರಿ. ನೀನು ಏನು ಮಾಡ್ತೀ? ಸರಸನಿಗೆ ಇಪ್ಪತ್ತೆರಡು, ಪಾಸು ಅಂತ ದೇವರ ಎದುರು ಹೇಳುವವ ನೀನೇ ಅಲ್ವಾ?"

ಸುಧಾಕರಣ್ಣನ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ಸತ್ಯ ಹೇಳಿದರೆ ಸರಸನ ಮದುವೆ ಹೋಗುತ್ತದೆ, ಸುಳ್ಳು ಹೇಳಿದರೆ ಸುಧಾಕರಣ್ಣನೇ ಹೋಗುತ್ತಾರೆ. ಈ ಲೆಕ್ಕ ಮಾಡಲು ಅವರಿಗೆ ಯಾವ ಶಾಸ್ತ್ರವೂ ಬೇಕಾಗಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಭಟ್ಟರ ಜಗಲಿಗೆ ಓಡಿದರು.

ಭಟ್ಟರು ನಡೆದದ್ದನ್ನು ಕೇಳಿ, ತನ್ನ ವಿದ್ಯೆಗೆ ಕೊನೆಗೂ ಒಂದು ಉಪಯೋಗ ಬಂತಲ್ಲ ಎಂದು ಸಂತೋಷಪಟ್ಟರು. ಸ್ವತಃ ಹೋಗಿ ಸರಿಪಡಿಸುತ್ತೇನೆ ಎಂದು ಇಸ್ತ್ರಿ ಮಾಡಿದ ಶಾಲು ಹೊದ್ದರು. ಹೋಗಬೇಡಿ ಎಂದರು ಶಂಕರಿಯಮ್ಮ. ಭಟ್ಟರು ಹೇತು ಕೇಳಿದರು. ಶಂಕರಿಯಮ್ಮ ಹೇತು ಕೊಡದೆ ಒಳಗೆ ಹೋದರು, ಅವರಿಗೆ ಗಂಡನ ಪರಿಚಯ ಚೆನ್ನಾಗಿತ್ತು.

ಬೆಳ್ತಂಗಡಿಯಲ್ಲಿ ತುಕ್ರಪ್ಪನವರು ಬ್ರಾಹ್ಮಣರು ಬಂದರೆಂದು ಚಾಪೆ ಹಾಸಿ, ಹಾಲು ಬಾಳೆಹಣ್ಣು ತರಿಸಿದರು. ಭಟ್ಟರು ಪ್ರಸನ್ನರಾಗಿ, ಪ್ರಮಾಣ ಎಂದರೆ ಆಣೆ ಅಲ್ಲವೆಂದೂ, ಒಂದು ಮಾತು ನಿಜವೆಂದು ತಿಳಿಯುವ ದಾರಿ ಮಾತ್ರವೆಂದೂ ವಿವರಿಸಿದರು. ತುಕ್ರಪ್ಪನವರ ಮುಖದ ಗಂಟು ಅರ್ಧ ಸಡಿಲವಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೂ ನಿಲ್ಲುತ್ತಿತ್ತು. ಆದರೆ ಪಂಡಿತರು ಅರ್ಧ ಪಾಠ ಮಾಡಿ ಏಳುವುದುಂಟೇ?

"ಪ್ರಮಾಣದಲ್ಲಿ ಮೊದಲನೆಯದ್ದು ಪ್ರತ್ಯಕ್ಷ, ಅಂದರೆ ಕಣ್ಣಿಂದ ನೋಡುವುದು" ಎಂದರು ಭಟ್ಟರು. "ಸುಧಾಕರ ಬೊಂಬಾಯಿಗೆ ಹೋಗಿ ಕಣ್ಣಿಂದ ನೋಡ್ಲಿಲ್ಲ. ಹಾಗಾಗಿ ನಿಮ್ಮ ಹುಡುಗನ ವಿಷಯದಲ್ಲಿ ಅವನಿಗೆ ಉಳಿದದ್ದು ಅನುಮಾನ."

ಹೊಗೆ ಕಂಡು ಬೆಂಕಿಯನ್ನು ಊಹಿಸುವುದಕ್ಕೆ ಶಾಸ್ತ್ರದಲ್ಲಿ ಅನುಮಾನ ಎನ್ನುತ್ತಾರೆ. ಬೆಳ್ತಂಗಡಿಯಲ್ಲಿ ಹಾಗೆ ಅನ್ನುವುದಿಲ್ಲ. ತುಕ್ರಪ್ಪನವರು ಹಾಲಿನ ಲೋಟವನ್ನು ತಾವೇ ಎತ್ತಿ ಒಳಗೆ ಕೊಟ್ಟರು. "ಅನುಮಾನ ಅಂತ ನಿಮ್ಮ ಬಾಯಿಂದಲೇ ಬಂತಲ್ಲ ಭಟ್ರೇ. ಇನ್ನು ಮಾತು ಬೇಡ, ಸೋಮವಾರ ನೋಡುವ." ಭಟ್ಟರು ಮುಂದಿನ ಬಸ್ಸಿಗೆ ಪುತ್ತಿಗೆಗೆ ಮರಳಿ, ಹುಳಿಯ ವಿಷಯ ಎತ್ತದೆ ಉಂಡು ಮಲಗಿದರು.

ಸೋಮವಾರ ಬಂತು. ಸುಧಾಕರಣ್ಣನ ಕಂಪೆನಿಯ ಬಸ್ಸು ತನ್ನ ಚರಿತ್ರೆಯಲ್ಲಿ ಮೊದಲ ಬಾರಿಗೆ ಹೇಳಿದ ಹೊತ್ತಿಗೆ ಹೊರಟಿತು, ಏಕೆಂದರೆ ಡ್ರೈವರಿಗೂ ಪ್ರಮಾಣ ನೋಡಬೇಕಾಗಿತ್ತು. ನಾವೆಲ್ಲ ಅದರಲ್ಲೇ ಹೋದೆವು. ಸೇಸಮ್ಮ ಬುಟ್ಟಿಯನ್ನು ಮನೆಯಲ್ಲಿ ಬಿಟ್ಟು, ಕಿಟಕಿಯ ಬದಿಯ ಸೀಟು ಹಿಡಿದಿದ್ದಳು. ಕರೆಯದಿದ್ದರೂ ಸರಸ ಹೊರಟು ನಿಂತಳು. ಬೇಡ ಎಂದು ಹೇಳುವ ಧೈರ್ಯ ಮಾವನಿಗೆ ಇರಲಿಲ್ಲ.

ನೇತ್ರಾವತಿಯಲ್ಲಿ ಸೊಂಟದಷ್ಟು ನೀರಿತ್ತು. ಒಂದೇ ಸಾಲಿನಲ್ಲಿ ತುಕ್ರಪ್ಪನವರು, ಧರ್ಣಪ್ಪ, ಹೆಡ್ಮಾಸ್ಟರರು, ಅಮ್ಮಣ್ಣಿ, ಸುಧಾಕರಣ್ಣ ದಡದಲ್ಲಿ ನಿಂತರು. ನಮ್ಮ ಜಿಲ್ಲೆಯವರ ವಿನಯವನ್ನು ನೋಡಬೇಕಾದರೆ ಆ ದಿನ ಅಲ್ಲಿರಬೇಕಾಗಿತ್ತು. ನೀವು ಹಿರಿಯರು, ಮೊದಲು ನೀವು ಇಳಿಯಿರಿ ಎಂದರು ಸುಧಾಕರಣ್ಣ. ಕೇಳಿದವರು ನೀವು, ಮೊದಲು ನೀವು ಎಂದರು ತುಕ್ರಪ್ಪನವರು. ಇಬ್ಬರೂ ಸೇರಿ ಧರ್ಣಪ್ಪನನ್ನು ನೋಡಿದರು. ನನಗೆ ಶೀತ ಆಗ್ತದೆ ಎಂದರು ಧರ್ಣಪ್ಪ. ಹೆಡ್ಮಾಸ್ಟರರ ಕುತ್ತಿಗೆ ನೋವು ಮರುಕಳಿಸಿತು. ಬಿಸಿಲು ಏರಿತು. ಒಬ್ಬರ ಕಾಲಿನ ಹೆಬ್ಬೆರಳೂ ಒದ್ದೆಯಾಗಲಿಲ್ಲ.

ಆಗ ಸರಸ ಹಿಂದಿನಿಂದ ಬಂದು, ಇವರೆಲ್ಲರನ್ನು ದಾಟಿ, ಮೊಣಕಾಲಿನವರೆಗೆ ನೀರಿಗಿಳಿದು ತಿರುಗಿ ನಿಂತಳು.

"ನಾನು ಮುಳುಗ್ತೇನೆ. ಪಾಸು ಅಂತ ಹೇಳಿ ಮುಳುಗ್ಲಿಕ್ಕೆ ಆಗುವುದಿಲ್ಲ. ನಾನು ಲೆಕ್ಕದಲ್ಲಿ ಫೇಲು. ಪ್ರಾಯ ಇಪ್ಪತ್ತೆಂಟು."

ಅಮ್ಮಣ್ಣಿ ಕಣ್ಣು ಮುಚ್ಚಿಕೊಂಡರು. ಜನರ ನಡುವಿನಿಂದ ಜಯಕರ ಪ್ಯಾಂಟು ಮಡಚುತ್ತ ಬಂದು ಅವಳ ಪಕ್ಕದಲ್ಲಿ ನೀರಿಗಿಳಿದ. ತಾನು ಮ್ಯಾನೇಜರ ಅಲ್ಲ, ದೋಸೆಕಲ್ಲಿನ ಎದುರು ನಿಲ್ಲುವವ, ದಿನಕ್ಕೆ ನಾಲ್ಕೈದು ಬೀಡಿಯೂ ಉಂಟು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಸೇಸಮ್ಮ ಪಕ್ಕದವಳಿಗೆ, ಹುಡುಗನ ಕಿವಿರು ಕೆಂಪಗುಂಟು ಎಂದಳು.

ತುಕ್ರಪ್ಪನವರಿಗೆ ಇನ್ನೂ ಒಂದು ಆಸೆ ಉಳಿದಿತ್ತು. ಇಬ್ಬರಲ್ಲಿ ಒಬ್ಬರಾದರೂ ಈಗ ಮುಖ ತಿರುಗಿಸಿದರೆ ತಪ್ಪು ಆಚೆ ಕಡೆಯದ್ದಾಗುತ್ತದೆ. ಅವರು ಸರಸನನ್ನು ಕೇಳಿದರು. "ಕೇಳಿದೆಯಲ್ಲ ಮಗಾ, ಇವನು ಮ್ಯಾನೇಜರ ಅಲ್ಲ. ಈಗ ಏನು ಹೇಳ್ತೀ?"

"ಇವರನ್ನೇ ಮದುವೆ ಆಗ್ತೇನೆ" ಎಂದಳು ಸರಸ.

"ಯಾಕೆ?"

"ಇದೆಲ್ಲ ಇವರು ಅವತ್ತೇ ಬಾವಿಕಟ್ಟೆ ಹತ್ರ ನನಗೆ ಹೇಳಿದ್ರು. ನಾನೂ ಹೇಳಿದೆ. ಅವತ್ತು ನಮ್ಮ ಚಾವಡಿಯಲ್ಲಿ ಅಷ್ಟು ಜನ ದೊಡ್ಡವರು ಇದ್ರು. ಸುಳ್ಳು ಹೇಳದೆ ಇದ್ದದ್ದು ಇವರೊಬ್ಬರೇ."

ತುಕ್ರಪ್ಪನವರು ಬಹಳ ಹೊತ್ತು ಕೆಮ್ಮಿದರು. ಕೆಮ್ಮು ಮುಗಿದ ಮೇಲೆ, ಹಾಗಾದರೆ ಒಂದು ಒಳ್ಳೆ ದಿನ ನೋಡುವ ಎಂದು ಯಾರ ಮುಖವನ್ನೂ ನೋಡದೆ ಹೇಳಿದರು. ಅಮ್ಮಣ್ಣಿ ಅಳುವುದೋ ನಗುವುದೋ ತಿಳಿಯದೆ ತಮ್ಮನ ತೋಳನ್ನು ಹಿಡಿದುಕೊಂಡರು.

ಸುಧಾಕರಣ್ಣನ ಲಕ್ಷ್ಯ ಅಲ್ಲಿರಲಿಲ್ಲ. ಅವರು ತುಟಿ ಅಲ್ಲಾಡಿಸುತ್ತ ಬೆರಳು ಮಡಚುತ್ತಿದ್ದರು. ಇವರನ್ನೇ ಮದುವೆ ಆಗ್ತೇನೆ, ಅದು ಪ್ರತಿಜ್ಞೆ. ಸುಳ್ಳು ಹೇಳದವರು ಇವರೊಬ್ಬರೇ, ಅದು ಹೇತು. ಜೀವನದಲ್ಲಿ ಮೊದಲ ಸಲ ಯಾರ ಸಹಾಯವೂ ಇಲ್ಲದೆ ಎರಡು ಅಂಗಗಳ ಗುರುತು ಸಿಕ್ಕಿತ್ತು. ಮೂರನೆಯ ಬೆರಳನ್ನು ಹಿಡಿದುಕೊಂಡು ಅವರು ಪ್ರಮಾಣ ಎಲ್ಲಿದೆ ಎಂದು ಅತ್ತಿತ್ತ ಹುಡುಕಿದರು. ಬಲಗಡೆ ಅಕ್ಕ, ಅದರಾಚೆ ಹೆಡ್ಮಾಸ್ಟರರು, ಧರ್ಣಪ್ಪ, ತುಕ್ರಪ್ಪನವರು, ಈ ತುದಿಯಲ್ಲಿ ತಾವು. ಪ್ರಮಾಣ ದಡದಲ್ಲಿ ಸಾಲಾಗಿ ನಿಂತಿತ್ತು, ಒಣ ಬಟ್ಟೆಯಲ್ಲಿ.